ಯಾರು ಮಾತಾಡ್ತಿರೋದು?

ನಮ್ಮತ್ತೆ ಫೋನ್ ಎತ್ತಿದರೆ ಹಲೋ ಅನ್ನಲ್ಲ. "ಯಾರು ಮಾತಾಡ್ತಿರೋದು?" ಅಂತಾರೆ. ಅದೂ ಎಂಥ ಧ್ವನಿ ಅಂತೀರಿ! ಆ ಕಡೆ ಇರೋರು ನೆಟ್ಟಗೆ ಕೂತು, ತಮ್ಮ ಹೆಸರು, ಅಪ್ಪನ ಹೆಸರು ಎರಡನ್ನೂ ಒಪ್ಪಿಸಿಬಿಡಬೇಕು. ಮದುವೆಗೆ ಮುಂಚೆ ಒಂದು ಸಲ ನಾನು ಧೈರ್ಯ ಮಾಡಿ ಈ ಮನೆಗೆ ಫೋನ್ ಮಾಡಿದ್ದೆ. ಆ ಪ್ರಶ್ನೆ ಕೇಳಿದ್ದೇ ತಡ, ಗಾಬರಿಯಾಗಿ ಇಟ್ಟುಬಿಟ್ಟೆ. ಮತ್ತೆ ಮಾಡಿದಾಗ, "ಈಗ ಇಟ್ಟೋಳು ನೀನೇ ತಾನೆ?" ಅಂದ್ರು. ಉಸಿರಾಟದಲ್ಲೇ ಗುರುತು ಹಿಡಿದಿದ್ರಂತೆ. ಇಂಥವರ ಕೈಗೆ ಸೊಸೆಯಾಗಿ ಸಿಕ್ಕಿದೀನಿ, ನನ್ನ ಪಾಡು ನೀವೇ ಯೋಚನೆ ಮಾಡಿ.

ಅತ್ತೆ ಕೆಲಸಕ್ಕಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನ್, ಎದುರಿಗೆ ತೂತು ತೂತಿನ ದೊಡ್ಡ ಬೋರ್ಡು, ಎರಡು ಕೈಯಲ್ಲೂ ವಯರು. ಒಂದೂರಿಂದ ಇನ್ನೊಂದೂರಿಗೆ ಮಾತಾಡಬೇಕಂದ್ರೆ ಆಗ ಇಂಥವರ ಕೈ ದಾಟಿಯೇ ಹೋಗಬೇಕಿತ್ತು. ಯಾರು ಮಾತಾಡ್ತಿರೋದು ಅಂತ ತಿಳ್ಕೊಳ್ಳದೆ ಯಾರಿಗೂ ಲೈನ್ ಕೊಡಬಾರದು ಅನ್ನೋದು ಅಲ್ಲಿ ಅವರಿಗೆ ಹೇಳಿಕೊಟ್ಟ ಮೊದಲ ಪಾಠ. ರಿಟೈರ್ ಆಗಿ ಎಷ್ಟೋ ಕಾಲ ಆಯ್ತು, ಆ ಬೋರ್ಡು ಗುಜರಿಗೂ ಹೋಯ್ತು, ಪಾಠ ಮಾತ್ರ ತಲೆಯಿಂದ ಇಳಿದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವರನ್ನ ಎಕ್ಸ್‌ಚೇಂಜಮ್ಮ ಅಂತಾನೇ ಕರೆಯೋದು. ಎದುರಿಗೆ ಒಂದು ರಾಗ, ಬೆನ್ನ ಹಿಂದೆ ಇನ್ನೊಂದು ರಾಗ.

ನಾನು ಹೇಳ್ತಿರೋದು, ಕೈಯಲ್ಲಿರೋ ಫೋನಿನಲ್ಲೇ ಲೋಕದ ಸುದ್ದಿಯೆಲ್ಲ ಹರಿದಾಡೋ ಕಾಲಕ್ಕೆ ಸ್ವಲ್ಪ ಮುಂಚಿನ ಮಾತು. ಆಗ ಎಲ್ಲಾ ಇಮೇಲ್. ಬೇಜಾರು ಕಳೀಲಿ ಅಂತ ನಮ್ಮನೆಯವರು ಅಮ್ಮನಿಗೆ ಕಂಪ್ಯೂಟರ್ ಹಾಕಿಕೊಟ್ರು, ಅಪಾರ್ಟ್‌ಮೆಂಟಿನ ಮೇಲ್ ಗುಂಪಿಗೂ ಸೇರಿಸಿದ್ರು. ಬೇಜಾರೇನೋ ಕಳೀತು, ಆದ್ರೆ ಅತ್ತೇದು ಕಳೆದು ಉಳಿದೋರಿಗೆಲ್ಲ ಶುರುವಾಯ್ತು. ಬೆಳಗಾದ್ರೆ ಬರೋವು ಅಂಥಿಂಥ ಮೇಲ್‌ಗಳಲ್ಲ. ಇದನ್ನ ಹತ್ತು ಜನಕ್ಕೆ ಕಳಿಸಿದ್ರೆ ಕಾಯಿಲೆ ಮಗುವಿಗೆ ಆಪರೇಷನ್ ಆಗುತ್ತೆ, ಕಳಿಸದಿದ್ರೆ ನಿಮ್ಮ ಮನೆ ಹಾಳಾಗುತ್ತೆ, ಹೀಗೆ. ಉಳಿದೋರು ಓದಿ "ಅಯ್ಯೋ ಪಾಪ" ಅಂದು ಮುಂದಕ್ಕೆ ತಳ್ಳೋರು. ಅತ್ತೆ ಮಾತ್ರ ಫೋನ್ ಪಕ್ಕಕ್ಕೆ ಕುರ್ಚಿ ಎಳ್ಕೊಂಡು ಕೂತ್ಕೊಳ್ಳೋರು.

ಒಂದು ಸಲ ಒಂದು ನಂಬರ್ ಬಂತು. ಈ ನಂಬರಿನಿಂದ ಫೋನ್ ಬಂದ್ರೆ ಎತ್ತಬೇಡಿ, ಎತ್ತಿದವರ ಕಿವಿ ಸುಟ್ಟು ಹೋಗಿದೆ ಅಂತ. ಅತ್ತೆ ತಾವೇ ಆ ನಂಬರಿಗೆ ಫೋನ್ ಮಾಡಿದ್ರು. ನಾನು ಪಕ್ಕದಲ್ಲಿ ನಿಂತು ಸುಮ್ಮನಿರಿ ಅತ್ತೆ ಅಂತಿದ್ದೀನಿ, ಕೇಳಿದ್ರೆ ತಾನೆ? ಅದು ಹಾಸಿಗೆ ಅಂಗಡಿ! ಆ ಕಡೆ ಅಂಗಡಿಯವನು ಅಳೋದೊಂದು ಬಾಕಿ. "ಗಿರಾಕಿಗೆ ಹಾಸಿಗೆ ರೆಡಿ ಅಂತ ಹೇಳೋಣ ಅಂದ್ರೆ ಒಬ್ಬರೂ ನನ್ನ ಫೋನ್ ಎತ್ತಲ್ಲ ಅಮ್ಮಾ, ಯಾಕೆ ಅಂತಾನೇ ಗೊತ್ತಾಗ್ತಿಲ್ಲ" ಅಂದ. ಅತ್ತೆ ಕಾರಣ ತಿಳಿಸಿ, ಅವನ ಹತ್ರ ಒಂದು ದಿಂಬು ತರಿಸ್ಕೊಂಡು, ಗುಂಪಿಗೆಲ್ಲ ಉತ್ತರ ಬರೆದ್ರು: "ವಿಚಾರಿಸಿದೆ. ಸುಳ್ಳು. ನನ್ನ ಕಿವಿ ನೆಟ್ಟಗಿದೆ. ದಿಂಬು ಚೆನ್ನಾಗಿದೆ."

ಹೀಗೆ ಮೇಲಿಂದ ಮೇಲೆ "ವಿಚಾರಿಸಿದೆ, ಸುಳ್ಳು" ಬರ್ತಾ ಹೋದ್ರೆ ಕಾಗೆ ಹಾರಿಸೋರಿಗೆ ಮೈಯೆಲ್ಲ ಉರಿಯದೆ ಇರುತ್ತಾ? ಎಕ್ಸ್‌ಚೇಂಜಮ್ಮನಿಗೆ ಬೇರೆ ಕೆಲಸ ಇಲ್ಲ ಅಂದ್ರು. ಅತ್ತೆ ಕ್ಯಾರೇ ಅನ್ನಲಿಲ್ಲ. ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಎದ್ದು ನಿಂತು, "ಯಾವುದೇ ಮೇಲ್ ಮುಂದಕ್ಕೆ ಕಳಿಸೋರು ತಾವು ಯಾರು, ಇದು ತಮಗೆ ಹೇಗೆ ಗೊತ್ತು ಅಂತ ಎರಡು ಮಾತು ಬರೀಲಿ. ಆಗ ಅರ್ಧಕ್ಕರ್ಧ ತಾನಾಗೇ ನಿಲ್ಲುತ್ತೆ" ಅಂದ್ರು. ನಮ್ಮ ಸೆಕ್ರೆಟರಿ ನೋಟಿಸ್ ಅಂಟಿಸೋದ್ರಲ್ಲಿ ಎತ್ತಿದ ಕೈ. ಲಿಫ್ಟಿನಲ್ಲಿ ಸೀನಬಾರದು ಅಂತಾನೂ ನೋಟಿಸ್ ಹಾಕಿದ ಮಹಾನುಭಾವ. ಮರುದಿನವೇ ಲಿಫ್ಟಿನ ಬಾಗಿಲಿಗೆ ಬಿತ್ತು: "ಇನ್ನು ಮುಂದೆ ಯಾರೂ ಮೇಲ್‌ಗಳನ್ನು ಸುಮ್ಮನೆ ಫಾರ್ವರ್ಡ್ ಮಾಡುವಂತಿಲ್ಲ. ಕಡ್ಡಾಯವಾಗಿ ತಮ್ಮ ಸ್ವಂತ ಎರಡು ಮಾತು ಸೇರಿಸತಕ್ಕದ್ದು. ಕೆಳಗಿರುವ, ಹಿಂದೆ ಕಳಿಸಿದವರ ಹೆಸರುಗಳ ಉದ್ದನೆಯ ಬಾಲವನ್ನು ಕತ್ತರಿಸತಕ್ಕದ್ದು." ಅತ್ತೆ ಅದನ್ನ ಮೇಲಿಂದ ಮೇಲೆ ಓದಿ, "ನೋಡಿದ್ಯಾ, ಕೊನೆಗೂ ನನ್ನ ಮಾತು ನಡೀತು" ಅಂತ ಖುಷಿಪಟ್ಟಿದ್ದೇ ಪಟ್ಟಿದ್ದು.

ಈಗ ವ್ಯಾನ್ ಮಾಮನ ವಿಷಯಕ್ಕೆ ಬರ್ತೀನಿ. ನಮ್ಮ ಮಗಳನ್ನೂ ಸೇರಿಸಿ ಅಪಾರ್ಟ್‌ಮೆಂಟಿನ ಮುಕ್ಕಾಲು ಪಾಲು ಮಕ್ಕಳನ್ನ ಶಾಲೆಗೆ ಕರ್ಕೊಂಡು ಹೋಗ್ತಿದ್ದ ನೀಲಿ ವ್ಯಾನಿನ ಡ್ರೈವರು. ಮಾತು ಕಡಿಮೆ, ಮೀಸೆ ಜಾಸ್ತಿ. ಸ್ಟೇರಿಂಗ್ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಚಾಕೊಲೇಟು. ಅವನ ವ್ಯಾನಿನಲ್ಲಿ ಒಂದು ಕಾಯ್ದೆ ಇತ್ತು. ಅಳೋರಿಗೆ ಮುಂದಿನ ಸೀಟು. ಯಾವ ಮಗು ಅತ್ಕೊಂಡು ಬರುತ್ತೋ ಅದು ಅವನ ಪಕ್ಕ ಕೂತು, ಡಬ್ಬಿಯಿಂದ ಒಂದು ಚಾಕೊಲೇಟ್ ತಗೋಬಹುದು. ಉಳಿದೋರು ಹಿಂದೆ. ನಮ್ಮ ಮಗಳು ಎಂಥಾ ಕಳ್ಳಿ ಅಂದ್ರೆ, ಗೇಟಿನ ತನಕ ಹಲ್ಲು ಕಿಸ್ಕೊಂಡು ಹೋಗಿ, ವ್ಯಾನ್ ಕಂಡ ಕೂಡಲೇ ಕಣ್ಣುಜ್ಜೋಕೆ ಶುರು ಮಾಡೋಳು. ಅವನಿಗೂ ಗೊತ್ತು. ಮೀಸೆಯೊಳಗೇ ನಕ್ಕು ಮುಂದಿನ ಬಾಗಿಲು ತೆಗೆಯೋನು.

ಒಂದು ಬುಧವಾರ ಬೆಳಗ್ಗೆ ಸೆಕ್ರೆಟರಿಯ ಹೆಸರಿನಲ್ಲಿ ಎಲ್ಲರಿಗೂ ಒಂದು ಮೇಲ್ ಬಂತು. ಮೇಲೆ ಆ ನೀಲಿ ವ್ಯಾನಿನ ಫೋಟೋ, ಕೆಳಗೆ ಕೆಂಪು ಅಕ್ಷರ: "ಎಚ್ಚರಿಕೆ! ಈ ವ್ಯಾನಿನವನು ಅಳುವ ಮಕ್ಕಳಿಗೆ ಚಾಕೊಲೇಟ್ ಕೊಟ್ಟು ಹತ್ತಿಸಿಕೊಂಡು ಹೋಗುತ್ತಾನೆ. ಬೇರೆ ಕಡೆಯೂ ಮಕ್ಕಳು ಕಾಣೆಯಾಗಿದ್ದಾರೆ. ಹತ್ತು ಜನಕ್ಕೆ ಕಳಿಸಿ, ಒಂದು ಮಗುವಿನ ಜೀವ ಉಳಿಸಿ." ನಾನು ಓದಿದಾಗ ನಗು ಬಂತು. ವ್ಯಾನ್ ಮಾಮನಾ? ಆದ್ರೆ ನಗೋ ಅಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು.

ಮಧ್ಯಾಹ್ನ ಪಾರ್ಕಿನ ಗೇಟಿನ ಹತ್ರ ಜನ ವ್ಯಾನ್ ಅಡ್ಡಗಟ್ಟಿದ್ರು. ಕನ್ನಡಿ ಒಡೆದ್ರು. ಅವನನ್ನ ಕಾಲರ್ ಹಿಡಿದು ಎಳೆದು ಕೆನ್ನೆಗೆ ಬಾರಿಸಿದ್ರು. ಅವನು, "ಹೋದ ವಾರ ಪಾರ್ಕಿನಲ್ಲಿ ಒಂಟಿಯಾಗಿ ಅಳ್ತಾ ಇದ್ದ ಮಗುವನ್ನ ಅದರ ಮನೆಗೆ ಬಿಟ್ಟು ಬಂದೆ ಸ್ವಾಮಿ, ಅದು ಬಿಟ್ರೆ ನಂಗೇನೂ ಗೊತ್ತಿಲ್ಲ" ಅಂದ. ಯಾವ ಮಗು, ಯಾವ ಮನೆ ಅಂತ ಕೇಳಿದ್ರು. ಹಿಂದಿನ ಬೀದೀಲಿ ಬ್ಯೂಟಿ ಪಾರ್ಲರ್ ಮೇಲಿನ ಮನೆ ಅಂತ ತೋರಿಸಿದ. ಹೋಗಿ ನೋಡಿದ್ರೆ ಅಲ್ಲಿ ಬೀಗ! ಕಿಟಕಿಗೆ ಪರದೆನೂ ಇಲ್ಲ. "ಮಗುನೂ ಇಲ್ಲ, ಮನೇಲಿ ಜನಾನೂ ಇಲ್ಲ, ಅವರನ್ನೆಲ್ಲ ಏನು ಮಾಡಿದ್ಯೋ?" ಅಂತ ಇನ್ನೆರಡು ಬಿಟ್ರು. ಶಾಲೆಯವರು ಮರುದಿನದಿಂದ ಬರಬೇಡ ಅಂದ್ರು. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಏನು ತೀರ್ಮಾನ ಆಗುತ್ತೋ ಅದೇ ತಮ್ಮದೂ ತೀರ್ಮಾನ ಅಂತ ಕೈ ತೊಳ್ಕೊಂಡ್ರು.

ಅವತ್ತು ಸಂಜೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು, "ಬಾರೇ" ಅಂದ್ರು. ಗ್ಯಾರೇಜಿನ ಹಿಂದೆ ಅವನ ಮನೆ. ಒಂದೇ ಕೋಣೆ, ಮೂಲೇಲಿ ಸ್ಟೌ, ಗೋಡೆಗೆ ಮಕ್ಕಳು ಬಿಡಿಸಿ ಕೊಟ್ಟ ನೀಲಿ ವ್ಯಾನಿನ ಚಿತ್ರಗಳು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ನಮ್ಮನ್ನ ನೋಡಿ ಎದ್ದು ನಿಂತ.

"ಹೊಡೆದಿದ್ದು ಹೋಗಲಿ ಅಮ್ಮ" ಅಂದಳು ಅವನ ಹೆಂಡತಿ. "ಬರೋವಾಗ ಬೀದೀಲಿ ದಿನಾ ವ್ಯಾನ್ ಹತ್ತೋ ಮಗು ಎದುರಿಗೆ ಸಿಕ್ತಂತೆ. ಇವರ ಮುಖ ನೋಡಿ ಕಿರುಚ್ಕೊಂಡು ಓಡಿಹೋಯ್ತಂತೆ. ಆಗಿನಿಂದ ಒಂದು ತುತ್ತೂ ಮುಟ್ಟಿಲ್ಲ."

"ವ್ಯಾನ್ ಮಾರಿಬಿಡ್ತೀನಿ ಅಮ್ಮ" ಅಂದ ಅವನು. "ಬೇರೆ ಊರಿಗೆ ಹೋಗ್ತೀವಿ. ಮಕ್ಕಳು ಹೆದರೋ ಮುಖ ಇಟ್ಕೊಂಡು ಇಲ್ಲಿ ಹೇಗಿರಲಿ?"

"ಭಾನುವಾರದ ತನಕ ಮಾರಬೇಡ" ಅಂದ್ರು ಅತ್ತೆ. "ಮೊದಲು ಊಟ ಮಾಡು. ಖಾಲಿ ಹೊಟ್ಟೇಲಿ ಮರ್ಯಾದೆ ವಾಪಸ್ ಬರಲ್ಲ."

ದಾರೀಲಿ ನನಗೆ ತಡೀಲಿಲ್ಲ. "ಅತ್ತೆ, ಇವತ್ತೇ ಗುಂಪಿಗೆ 'ಸುಳ್ಳು' ಅಂತ ಬರೆದುಬಿಡಿ" ಅಂದೆ.

"ವಿಚಾರಿಸದೆ ಹೇಗೆ ಬರೀಲಿ? ಅವನು ಒಳ್ಳೆಯವನು ಅಂತ ನಂಗೊತ್ತು, ಆದ್ರೆ ಅವತ್ತು ಏನಾಯ್ತು ಅಂತ ಗೊತ್ತಿಲ್ಲ" ಅಂದ್ರು. ಆಮೇಲೆ, "ಲೈನ್ ಕೆಟ್ಟಾಗ ನಡುವೆ ನಿಂತು ಹಲೋ ಹಲೋ ಅಂತ ಅರಚಿದ್ರೆ ಸರಿಹೋಗಲ್ಲ ಕಣೇ. ಕಂಬದಿಂದ ಕಂಬಕ್ಕೆ ಹೋಗಿ ಎಲ್ಲಿ ಕೆಟ್ಟಿದೆ ಅಂತ ಮುಟ್ಟಿ ನೋಡಬೇಕು" ಅಂದ್ರು.

ಮೊದಲ ಕಂಬ ಸೆಕ್ರೆಟರಿ, ಅವರು ಕೈಗೆ ಸಿಕ್ಕಿದ್ದು ಶುಕ್ರವಾರ ಸಂಜೆ. ನೋಟಿಸಿನ ಪ್ರಕಾರ ಹೆಸರುಗಳ ಬಾಲ ಕತ್ತರಿಸಿದ್ರಿಂದ ಯಾರಿಂದ ಬಂತು ಅಂತ ಆ ಮೇಲ್‌ನಲ್ಲಿ ಏನೂ ಇರಲಿಲ್ಲ, ಬಾಯಿಬಿಟ್ಟು ಕೇಳಬೇಕಿತ್ತು. ಅತ್ತೆ ಅವರ ಬಾಗಿಲಲ್ಲೇ ನಿಂತು, "ನೀವು ಕಂಡ್ರಾ, ಕೇಳಿದ್ರಾ?" ಅಂದ್ರು.

"ಜಿಮ್ ಮೇಷ್ಟ್ರು ಕಳಿಸಿದ್ರು. ನಾನು ಬಾಲ್ಕನಿಯಿಂದ ಫೋಟೋ ತೆಗೆದು ಹಾಕ್ದೆ. ನೀಲಿ ವ್ಯಾನು ಅಂದ್ರೆ ಇದೇ ಅಲ್ವಾ? ಸುಮ್ಮನೆ ಕಳಿಸಬಾರದು ಅಂತ ನಮ್ಮದೇ ನಿಯಮ ಇದೆಯಲ್ಲ" ಅಂದ್ರು ಸೆಕ್ರೆಟರಿ, ದೊಡ್ಡ ಉಪಕಾರ ಮಾಡಿದೋರ ಹಾಗೆ.

ಮುಂದಿನ ಕಟ್ಟಡದ ಜಿಮ್ ಮೇಷ್ಟ್ರು ಭುಜ ಅಲ್ಲಾಡಿಸ್ತಾ, "ಬೇರೆ ಕಡೆನೂ ಹೀಗೆ ಆಗಿದೆ ಅಂತ ಇತ್ತು. ಹೀಗೆ ಅಂದ್ರೆ ಏನು? ಮಕ್ಕಳು ಕಾಣೆ ಆಗಿರಬೇಕು ಅಂತ ಬಿಡಿಸಿ ಬರೆದೆ" ಅಂದ. ಪಾರ್ಕಿನ ಹತ್ರ ಮೊದಲ ಏಟು ಹಾಕಿದೋನೂ ಇವನೇ ಅಂತ ನನಗೆ ಗೊತ್ತಿತ್ತು. ನಾಲ್ಕು ಮಾತು ಬಿಗಿಯೋಣ ಅಂತ ಬಾಯಿ ತೆರೆದೆ. ಅತ್ತೆ ನನ್ನ ಕೈ ಚಿವುಟಿ, "ನಿಮಗೆ ಯಾರು ಕಳಿಸಿದ್ದು?" ಅಂದ್ರು.

ಅವನು ಅತ್ತೆ ಮುಖ ನೋಡಿದ, ನನ್ನ ಮುಖ ನೋಡಿದ. "ನಿಮ್ಮ ಮಗಾನೇ ಅಲ್ವಾ ಅಮ್ಮ?" ಅಂದ.

ಅಯ್ಯೋ, ನಮ್ಮನೆಯವರು! ಮನೆಗೆ ಬಂದ್ರೆ ಇವರು ಸೋಫಾದಲ್ಲಿ ಕಾಲು ಚಾಚ್ಕೊಂಡು ಟೀ ಕುಡೀತಿದ್ದಾರೆ. ಅತ್ತೆ ಚಪ್ಪಲಿನೂ ಬಿಡದೆ ಎದುರಿಗೆ ನಿಂತ್ರು.

"ಬೇರೆ ಕಡೆನೂ ಹೀಗೆ ಆಗಿದೆಯಂತೆ ಅಂತ ಬರೆದೋನು ನೀನಾ?"

"ಹೂಂ. ಯಾಕಮ್ಮ?"

"ಎಲ್ಲಿ ಆಗಿದೆ?"

"ಎಲ್ಲಾದ್ರೂ ಆಗಿರುತ್ತಲ್ಲಮ್ಮ! ಎರಡು ಮಾತು ಸೇರಿಸಬೇಕು ಅಂತ ನೋಟಿಸ್ ಇತ್ತು. ಏನು ಬರೀಬೇಕು ಅಂತ ತೋಚಲಿಲ್ಲ."

ಇವರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನಾನಂತೂ ಎಷ್ಟು ಚಳಿ ಬಿಡಿಸಬೇಕೋ ಅಷ್ಟೂ ಬಿಡಿಸಿದೆ. ಒಬ್ಬನ ಕೆನ್ನೆ ಒಡೆದು ಹೋಗಿದೆ, ಇವರಿಗೆ ತೋಚಲಿಲ್ಲವಂತೆ! ಆದ್ರೆ ಅತ್ತೆ ಬೈಯಲಿಲ್ಲ. ನಿಧಾನವಾಗಿ ಕುರ್ಚಿ ಎಳ್ಕೊಂಡು ಕೂತ್ರು. "ಯಾರು ಅಂತ ಹೇಳಿ ಅಂದೆ ನಾನು. ಏನಾದ್ರೂ ಹೇಳಿ ಅಂತ ಮಾಡ್ಕೊಂಡ್ರಲ್ಲೇ ಇವರೆಲ್ಲ" ಅಂದ್ರು. ಆ ನೋಟಿಸ್ ಬಿದ್ದ ದಿನ ಅಷ್ಟು ಖುಷಿಪಟ್ಟ ಹೆಂಗಸು. ನನಗೆ ಪಾಪ ಅನ್ನಿಸ್ತು, ಒಂದು ಲೋಟ ಟೀ ತಂದುಕೊಟ್ಟೆ. ಕುಡಿದು ಮುಗಿಸಿ, "ನಿನಗ್ಯಾರೋ ಕಳಿಸಿದ್ದು?" ಅಂತ ಮಗನನ್ನ ಮತ್ತೆ ಹಿಡ್ಕೊಂಡ್ರು.

ಇವರಿಗೆ ಕಳಿಸಿದ್ದು ಮುಖ್ಯರಸ್ತೆಯ ಹಲ್ಲಿನ ಡಾಕ್ಟರು. ಶನಿವಾರ ಬೆಳಗ್ಗೆ ಅಲ್ಲಿಗೆ ಹೋದ್ವಿ. ಡಾಕ್ಟರು ಯಾರದೋ ಬಾಯಲ್ಲಿ ಕೈಯಿಟ್ಕೊಂಡೇ, "ಚಾಕೊಲೇಟ್ ಕೊಡೋರಿಂದ ಮಕ್ಕಳನ್ನ ದೂರ ಇಡಿ ಅಂತ ಬರೆದೆ, ಹೌದು. ಅದರಲ್ಲಿ ತಪ್ಪೇನು? ಹಲ್ಲು ಹುಳುಕಾಗಲ್ವಾ?" ಅಂದ್ರು. ಪಾಪ, ಅವರ ತಲೇಲಿ ಹಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಬಾಯಿ ತೆರೆದು ಮಲಗಿದ್ದ ರೋಗಿ ಅಲ್ಲಿಂದಲೇ ಗೊಳ್ ಅಂತ ನಕ್ಕ.

ಡಾಕ್ಟರಿಗೆ ಕಳಿಸಿದ್ದು ಅವರ ಪೇಷೆಂಟು, ಹಿಂದಿನ ಬೀದಿಯ ಬ್ಯೂಟಿ ಪಾರ್ಲರಿನವಳು. ಬೀಗ ಹಾಕಿದ ಮನೆಯ ಕೆಳಗೇ ಅವಳ ಪಾರ್ಲರು, ಜನ ಬಂದು ಗಲಾಟೆ ಮಾಡಿದ ಬುಧವಾರ ಅದಕ್ಕೂ ರಜೆ. ಕೂದಲು ಕತ್ತರಿಸ್ತಿದ್ದ ಕೈ ನಿಲ್ಲಿಸಿ ಅವಳು ಹೇಳಿದ್ದು ಇಷ್ಟು. ಮೇಲಿನ ಮನೇಲಿ ಒಬ್ಬ ನರ್ಸ್ ಇದ್ದಳು, ಒಂದು ಗಂಡುಮಗು. ಬೇರೆ ಆಸ್ಪತ್ರೆಗೆ ವರ್ಗವಾಗಿ ಇದ್ದಕ್ಕಿದ್ದ ಹಾಗೆ ಮನೆ ಖಾಲಿ ಮಾಡಿದಳು. ಆಮೇಲೆ ಪಾರ್ಲರಿನವಳಿಗೆ ಉದ್ದಕ್ಕೆ ಒಂದು ಮೇಲ್ ಬರೆದಿದ್ದಳು. ಸಾಮಾನು ಸಾಗಿಸೋ ಗಲಾಟೇಲಿ ಮಗ ಪಾರ್ಕಿಗೆ ಹೋಗಿಬಿಟ್ಟಿದ್ದ, ನೀಲಿ ವ್ಯಾನಿನವನೊಬ್ಬ ಚಾಕೊಲೇಟ್ ಕೊಟ್ಟು ಕರ್ಕೊಂಡು ಬಂದು ಬಿಟ್ಟ, ಅವನು ಯಾರು ಅಂತ ಸ್ವಲ್ಪ ವಿಚಾರಿಸು ಅಂತ.

"ಮತ್ತೆ ನೀನೇನು ಮಾಡಿದೆ?" ಅಂದ್ರು ಅತ್ತೆ.

"ಉದ್ದ ಆಯ್ತು ಅಂತ ಗಿಡ್ಡ ಮಾಡ್ದೆ ಅಮ್ಮ. ಅಳ್ತಿದ್ದ ಮಗುವಿಗೆ ಚಾಕೊಲೇಟ್ ಕೊಟ್ಟು ವ್ಯಾನಿಗೆ ಹತ್ತಿಸ್ಕೊಂಡ ನೀಲಿ ವ್ಯಾನಿನವನು ಯಾರು ಅಂತ ಗೊತ್ತಾ ಅಂತ ಬರೆದು ಗಿರಾಕಿಗಳಿಗೆಲ್ಲ ಕಳಿಸ್ದೆ."

"ಬುಧವಾರದ ಕೆಂಪಕ್ಷರದ ಮೇಲ್ ಬಂದಾಗ ಇದು ನಿಂದೇ ಅಂತ ಗೊತ್ತಾಗಲಿಲ್ವಾ?"

ಅವಳ ಕಣ್ಣು ದೊಡ್ಡದಾಯ್ತು. ಕತ್ತರಿ ಕೆಳಗಿಟ್ಟಳು. "ಅಯ್ಯಯ್ಯೋ, ಅದು ಇದೇನಾ? ನಾನು ಯಾರೋ ಬೇರೆ ವ್ಯಾನಿನವನು ಅಂದ್ಕೊಂಡು, ಹೆದರಿ, ಹತ್ತು ಜನಕ್ಕೆ ಕಳಿಸಿಬಿಟ್ಟೆನಲ್ಲಾ!"

ಅವಳ ಮೇಲ್ ಅವಳ ಹತ್ರವೇ ಬಂದ್ರೂ ಗುರುತು ಸಿಕ್ಕಿರಲಿಲ್ಲ. ಅಷ್ಟು ಉಪ್ಪುಖಾರ ಬಿದ್ದಿತ್ತು ಅದಕ್ಕೆ. ನರ್ಸಿನ ಫೋನ್ ನಂಬರ್ ಅವಳ ಹತ್ರ ಇರಲಿಲ್ಲ, ಆಸ್ಪತ್ರೆ ಯಾವುದು ಅಂತ ಮಾತ್ರ ಗೊತ್ತಿತ್ತು. ಅತ್ತೆ ಮನೆಗೆ ಬಂದು ಆಸ್ಪತ್ರೆಗೆ ಫೋನ್ ಹಚ್ಚಿದ್ರು. ಆ ಕಡೆಯಿಂದ ಒಂದು ಗಡಸು ಹೆಣ್ಣು ಧ್ವನಿ: "ಯಾರು ಮಾತಾಡ್ತಿರೋದು?"

ಅತ್ತೆ ಮುಖ ಅರಳಿದ್ದು ನೋಡಬೇಕಿತ್ತು ನೀವು! ಆಸ್ಪತ್ರೆಯ ಆಪರೇಟರು. ಇಬ್ಬರೂ ಅದೆಷ್ಟು ಹೊತ್ತು ಹಳೇ ಬೋರ್ಡು, ಹಳೇ ಸೂಪರ್‌ವೈಸರು ಅಂತ ಹರಟಿದ್ರೋ. ನಾನು ಸನ್ನೆ ಮಾಡಿ ಮಾಡಿ ಸೋತೆ. ಕೊನೆಗೆ ನರ್ಸಿಗೆ ಲೈನ್ ಸಿಕ್ತು. ಅತ್ತೆ ಅವಳಿಗೆ ಹೇಳಿದ್ದು ಬರೀ ಇಷ್ಟೇ. "ನೀನು ಹುಡುಕ್ತಿದ್ದ ಡ್ರೈವರು ಸಿಕ್ಕಿದಾನಮ್ಮ. ನಾಳೆ ಸಂಜೆ ಲೈನ್ ಕೊಡ್ತೀನಿ, ಮಾತಾಡುವೆಯಂತೆ."

ಫೋನ್ ಇಟ್ಟ ಕೂಡಲೇ ನಾನು ಕೂಗಾಡಿದೆ. "ಹೊಡೆದ ವಿಷಯ, ಮೀಟಿಂಗಿನ ವಿಷಯ ಒಂದೂ ಹೇಳಲಿಲ್ಲವಲ್ಲ ಅತ್ತೆ!"

"ಹೇಳಿದ್ರೆ ಅವನನ್ನ ಉಳಿಸೋಕೆ ಅಂತ ಮಾತಾಡ್ತಾಳೆ. ಹೇಳದಿದ್ರೆ ನಡೆದದ್ದನ್ನ ಮಾತಾಡ್ತಾಳೆ" ಅಂದ್ರು.

ಭಾನುವಾರ ಸಂಜೆ ಕಾರು ನಿಲ್ಲಿಸೋ ಜಾಗದ ಪಕ್ಕದ ಹಾಲ್ ತುಂಬಿ ತುಳುಕ್ತಾ ಇತ್ತು. ಪ್ಲಾಸ್ಟಿಕ್ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ರು. ಅತ್ತೆ ಕರೆಸಿದ್ದ ಹಲ್ಲಿನ ಡಾಕ್ಟರು, ಪಾರ್ಲರಿನವಳು, ಜಿಮ್ ಮೇಷ್ಟ್ರೂ ಬಂದಿದ್ರು. ವ್ಯಾನ್ ಮಾಮ ಹೆಂಡತಿ ಜೊತೆ ಬಾಗಿಲ ಹತ್ರ ನಿಂತಿದ್ದ. ಒಬ್ಬರೂ ಕೂತ್ಕೋ ಅನ್ನಲಿಲ್ಲ. ಅತ್ತೆ ತಮ್ಮ ಕುರ್ಚಿಯನ್ನೇ ಎಳ್ಕೊಂಡು ಹೋಗಿ ಅವನ ಮುಂದಿಟ್ಟು, "ಕೂತ್ಕೋಪ್ಪ, ನಾನು ನಿಂತೇ ಮಾತಾಡೋಳು" ಅಂದ್ರು.

ಸೆಕ್ರೆಟರಿ ಮೈಕ್ ಹಿಡಿದು ಆ ಮೇಲನ್ನ ರಾಗವಾಗಿ ಓದಿ, "ಇಂಥವರನ್ನ ನಮ್ಮ ಗೇಟಿನೊಳಗೆ ಬಿಡಬೇಕಾ ಬೇಡ್ವಾ ಅಂತ ಈಗ ಕೈ ಎತ್ತಿ" ಅಂದ್ರು.

"ಕೈ ಆಮೇಲೆ ಎತ್ತೋಣ" ಅಂದ್ರು ಅತ್ತೆ. "ಮೊದಲು ಇದು ಹೇಳಿ. ಈ ಮೇಲಿನಲ್ಲಿ ಯಾರು ಮಾತಾಡ್ತಿರೋದು?"

"ಅಂದ್ರೆ? ನಾನೇ ಕಳಿಸಿದ್ದು" ಅಂದ್ರು ಸೆಕ್ರೆಟರಿ.

"ನೀವು ಕಂಡ್ರಾ?"

"ನಾನು ಕಂಡಿಲ್ಲ. ಫೋಟೋ ಹಾಕಿದ್ದು, ಹತ್ತು ಜನಕ್ಕೆ ಅಂತ ಬರೆದದ್ದು ನಂದು. ಉಳಿದದ್ದು ಜಿಮ್ ಮೇಷ್ಟ್ರದ್ದು."

"ಮೇಷ್ಟ್ರೇ, ನೀವು ಕಂಡ್ರಾ?" ಅಂತ ಅತ್ತೆ ತಿರುಗಿದ್ರು. ಅವನು ಗೋಡೆ ನೋಡಿದ. ಆಗ ಯಾರೂ ಕರೀದೇನೇ ನಮ್ಮನೆಯವರು ಎದ್ದು ನಿಂತ್ರು. "ಬೇರೆ ಕಡೆನೂ ಆಗಿದೆಯಂತೆ ಅಂತ ಸೇರಿಸಿದೋನು ನಾನು. ಎಲ್ಲೂ ಆಗಿರಲಿಲ್ಲ. ಸುಮ್ಮನೆ ಬರೆದೆ" ಅಂದ್ರು. ಕಿವಿ ಕೆಂಪಾಗಿತ್ತು, ಆದ್ರೆ ಧ್ವನಿ ನಡುಗಲಿಲ್ಲ. ಎರಡು ದಿನದಿಂದ ಮಾತು ಬಿಟ್ಟಿದ್ದೆ ನಾನು ಅವರ ಹತ್ರ. ಆ ಗಳಿಗೇಲಿ ಎಲ್ಲಾ ಕರಗಿಹೋಯ್ತು.

ಆಮೇಲೆ ಉಳಿದೋರೂ ಒಬ್ಬೊಬ್ಬರಾಗಿ ಎದ್ರು. ಹಲ್ಲಿನ ಡಾಕ್ಟರು ತಾವು ಬರೆದದ್ದು ಹುಳುಕು ಹಲ್ಲಿನ ವಿಷಯ ಅಂದಾಗ ಮೊದಲ ಸಲ ಹಾಲಿನಲ್ಲಿ ನಗು ಎದ್ದಿತು. ಪಾರ್ಲರಿನವಳು ಅತ್ತಳು, ನಾನು ಗಿಡ್ಡ ಮಾಡಿದ್ದಷ್ಟೇ ಅಂದಳು. ಕಂಬದಿಂದ ಕಂಬಕ್ಕೆ ಎಲ್ಲಾ ಆಯ್ತು. ಆದ್ರೂ ಹಿಂದಿನಿಂದ ಒಬ್ಬ, "ಎಲ್ಲಾ ಸರಿ, ಆ ಮಗು ಎಲ್ಲಿ? ಕರ್ಕೊಂಡು ಹೋದವನು ಇವನೇ ಅಂತ ಏನು ಗ್ಯಾರಂಟಿ?" ಅಂದ.

ಅತ್ತೆ ಸ್ಪೀಕರ್ ಇರೋ ಫೋನನ್ನ ಮೇಜಿನ ಮೇಲಿಟ್ಟು ನಂಬರ್ ಒತ್ತಿದ್ರು. ಬೆನ್ನು ನೆಟ್ಟಗಾಯ್ತು. ಧ್ವನಿ ಬದಲಾಯ್ತು. ನಾನು ಒಂದು ಸಲವೂ ನೋಡಿರದ ಎಕ್ಸ್‌ಚೇಂಜಿನ ಹುಡುಗಿ ಅಲ್ಲಿ ನಿಂತಿದ್ದಳು. "ಮಕ್ಕಳ ವಾರ್ಡಿಗೆ ಕೊಡಿ. ಲೈನಲ್ಲಿರ್ತೀನಿ" ಅಂದ್ರು.

"ಹಲೋ?" ಅಂತು ಹಾಲ್ ತುಂಬ ಆ ನರ್ಸಿನ ಧ್ವನಿ. "ಅಮ್ಮಾ, ನೀವೇನಾ? ಅವರು ಬಂದಿದಾರಾ?"

"ಬಂದಿದಾರೆ. ಅವತ್ತು ಏನಾಯ್ತು ಅಂತ ಹೇಳು. ಎಲ್ಲರೂ ಕೇಳ್ತಿದಾರೆ."

"ಏನು ಹೇಳಲಿ! ಸಾಮಾನು ಗಾಡಿಗೆ ಹೇರಿಸ್ತಿದ್ದೆ, ತಿರುಗಿ ನೋಡಿದ್ರೆ ಮಗ ಇಲ್ಲ. ಹುಚ್ಚಿ ಹಾಗೆ ಬೀದಿ ಬೀದಿ ಓಡಿದೆ. ವಾಪಸ್ ಬರೋ ಅಷ್ಟರಲ್ಲಿ ಬಾಗಿಲಲ್ಲಿ ನೀಲಿ ವ್ಯಾನು. ನನ್ನ ಮಗ ಡ್ರೈವರ ಪಕ್ಕ ರಾಜನ ಹಾಗೆ ಕೂತಿದಾನೆ, ಬಾಯೆಲ್ಲ ಚಾಕೊಲೇಟು. ಅಳೋರಿಗೆ ಮುಂದಿನ ಸೀಟು ಅಂದ್ರಂತೆ ಅವರು. ಈಗಲೂ ಇವನು ಅತ್ತಾಗೆಲ್ಲ ಮುಂದಿನ ಸೀಟು ಬೇಕು ಅಂತ ಹಟ ಮಾಡ್ತಾನೆ!"

"ಅದು ನಮ್ಮ ವ್ಯಾನ್ ಮಾಮ!" ಅಂತ ನನ್ನ ತೊಡೆ ಮೇಲಿದ್ದ ಮಗಳು ಕಿರುಚಿದಳು. ಅಷ್ಟೇ. ಹಾಲಿನಲ್ಲಿದ್ದ ಮಕ್ಕಳೆಲ್ಲ ಕುರ್ಚಿ ಮೇಲೆ ಹತ್ತಿ, "ಅಳೋರಿಗೆ ಮುಂದಿನ ಸೀಟು! ಅಳೋರಿಗೆ ಮುಂದಿನ ಸೀಟು!" ಅಂತ ಕೂಗೋಕೆ ಶುರು ಮಾಡಿದ್ವು. ಯಾರು ಸುಮ್ಮನಿರಿಸೋದು ಅವನ್ನ? ಯಾರಿಗೂ ಸುಮ್ಮನಿರಿಸೋ ಮನಸ್ಸೂ ಇರಲಿಲ್ಲ.

"ಏನಮ್ಮ ಅಷ್ಟು ಗಲಾಟೆ?" ಅಂದಳು ನರ್ಸ್. "ಅವರಿಗೆ ಫೋನ್ ಕೊಡ್ತೀರಾ? ಅವತ್ತು ಗಾಬರೀಲಿ ಒಂದು ಒಳ್ಳೆ ಮಾತೂ ಆಡಲಿಲ್ಲ ನಾನು."

ಅತ್ತೆ ಫೋನನ್ನ ಅವನ ಹತ್ರಕ್ಕೆ 'ತಗೋ' ಅಂತ ಹಿಡಿದ್ರು. ಅವನ ಊದಿದ ಕಣ್ಣಿಂದಲೂ ನೀರು ಇಳೀತಿತ್ತು.

"ಯಾರು ಮಾತಾಡ್ತಿರೋದು ಅಂತ ಹೇಳಪ್ಪ" ಅಂದ್ರು ಅತ್ತೆ, ಮೆಲ್ಲಗೆ.

"ನಾನಮ್ಮ" ಅಂದ ಅವನು. "ವ್ಯಾನ್ ಮಾಮ."

ಆಮೇಲೆ ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ನಾನೇ ಬಿಕ್ಕಿ ಬಿಕ್ಕಿ ಅಳ್ತಾ ಇದ್ದೆ. ಮಗಳು ನನ್ನ ಗಲ್ಲ ಹಿಡಿದು, "ಅಮ್ಮಂಗೂ ಮುಂದಿನ ಸೀಟು" ಅಂದಳು. ಸೆಕ್ರೆಟರಿ ಮೈಕ್ ಕೆಳಗಿಟ್ಟು, ಅವನ ಕುರ್ಚಿ ಹತ್ರ ಹೋಗಿ ಕೈ ಮುಗಿದ್ರು. ಜಿಮ್ ಮೇಷ್ಟ್ರು ಅವನ ಮುಂದೆ ತಲೆ ತಗ್ಗಿಸಿ ನಿಂತು, "ನಂಗೂ ಒಂದು ಬಾರಿಸಿಬಿಡು ಅಣ್ಣ" ಅಂದ. ವ್ಯಾನ್ ಮಾಮ ಬಾರಿಸಲಿಲ್ಲ. "ಕನ್ನಡಿ ಹಾಕಿಸಿಕೊಡಿ, ಸಾಕು" ಅಂದ.

ಅತ್ತೆ ಅಷ್ಟಕ್ಕೇ ಬಿಡೋರಾ? ಯಾರು ಯಾರಿಗೆ ಕಳಿಸಿದ್ರೋ ಅವರಿಗೆಲ್ಲ ಫೋನ್ ಮಾಡಿ ನಿಜ ಹೇಳಬೇಕು ಅಂತ ಹಟ ಹಿಡಿದ್ರು. ಮೇಲ್ ಮಾಡ್ತೀವಿ ಅಂದ್ರೆ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. "ಸುಳ್ಳನ್ನ ಬೆರಳಲ್ಲಿ ಕಳಿಸಿದ್ರಿ, ನಿಜಾನ ಬಾಯಲ್ಲಿ ಹೇಳಿ." ಅವತ್ತು ರಾತ್ರಿ ಊಟದ ಹೊತ್ತಿಗೂ ಅಪಾರ್ಟ್‌ಮೆಂಟಿನ ಪ್ರತಿ ಮನೇಲೂ ಫೋನ್ ಎಂಗೇಜು. ನಮ್ಮನೆಯವರು ತಟ್ಟೆ ಮುಂದಿಟ್ಕೊಂಡು ಒಂದೇ ಪಾಠ ಒಪ್ಪಿಸ್ತಿದ್ರು. "ನಾನೇ ಕಣೋ ಮಾತಾಡ್ತಿರೋದು. ಹೂಂ. ನಾನು ಬರೆದದ್ದು ಸುಳ್ಳು." ಮರುದಿನ ಬೆಳಗ್ಗೆ ಲಿಫ್ಟಿನ ಬಾಗಿಲಲ್ಲಿ ಹಳೇ ನೋಟಿಸ್ ಇರಲಿಲ್ಲ. ಅಂಟು ಕಿತ್ತ ಗುರುತು ಮಾತ್ರ ಇತ್ತು.

ಹೊಸ ಕನ್ನಡಿ ಹಾಕ್ಕೊಂಡು ನೀಲಿ ವ್ಯಾನ್ ಗೇಟಿನೊಳಗೆ ಬಂದಾಗ ಬಾಲ್ಕನಿಗಳೆಲ್ಲ ತುಂಬಿದ್ವು. ಯಾರೋ ಚಪ್ಪಾಳೆ ಶುರು ಮಾಡಿದ್ರು, ಅದು ಕಟ್ಟಡದಿಂದ ಕಟ್ಟಡಕ್ಕೆ ಹಬ್ಬಿತು. ಅವತ್ತು ಬೀದೀಲಿ ಕಿರುಚಿ ಓಡಿದ್ದ ಮಗು ಅಮ್ಮನ ಸೆರಗು ಬಿಟ್ಟು ಬಂದು, ಅವನ ಮುಂದೆ ನಿಂತು, ಬಲವಂತವಾಗಿ ಕಣ್ಣುಜ್ಜಿಕೊಂಡಿತು. ಅವನು ಮೀಸೆಯೊಳಗೇ ನಕ್ಕು ಮುಂದಿನ ಬಾಗಿಲು ತೆಗೆದ.

ಇಲ್ಲಿಗೆ ಮುಗೀಬೇಕಿತ್ತು. ಆದ್ರೆ ಕೆಲವು ದಿನ ಬಿಟ್ಟು ಅತ್ತೆಗೆ ದೂರದೂರಿನ ಅವರ ತಂಗಿಯಿಂದ ಒಂದು ಮೇಲ್ ಬಂತು. ನೀಲಿ ವ್ಯಾನಿನ ಡ್ರೈವರೊಬ್ಬ ಉರಿಯೋ ಬೆಂಕಿಗೆ ನುಗ್ಗಿ ನಲವತ್ತು ಮಕ್ಕಳನ್ನ ಹೊತ್ತು ತಂದ ವೀರ, ಇದನ್ನ ಹತ್ತು ಜನಕ್ಕೆ ಕಳಿಸಿ ಅಂತ! ನಾನು ಬಿದ್ದು ಬಿದ್ದು ನಕ್ಕೆ. ಮಗಳನ್ನ ಬಿಡೋಕೆ ಬಂದಿದ್ದ ವ್ಯಾನ್ ಮಾಮನಿಗೂ ಓದಿ ಹೇಳಿದೆ. ಅವನು ನಾಚಿಕೊಂಡು ಮೀಸೆ ತಿರುವಿ, "ಇರಲಿ ಬಿಡಿ ಅಕ್ಕ, ಒಂದು ಸಲಾನಾದ್ರೂ ಒಳ್ಳೇದು ಬರೆದಿದಾರಲ್ಲ" ಅಂದ.

"ಬೇಡಪ್ಪ" ಅಂದ್ರು ಅತ್ತೆ, ಆಗಲೇ ಫೋನ್ ಪಕ್ಕಕ್ಕೆ ಕುರ್ಚಿ ಎಳೀತಾ. "ಒಂದು ಮಗು, ಒಂದು ಚಾಕೊಲೇಟು, ಮನೆ ಬಾಗಿಲ ತನಕ. ನೀನು ಮಾಡಿದ್ದು ಅಷ್ಟು. ಅದಕ್ಕಿಂತ ದೊಡ್ಡದು ಯಾವುದೂ ಬೇಕಾಗಿಲ್ಲ."

ತಂಗಿಯ ನಂಬರ್ ಒತ್ತಿ ಕಿವಿಗಿಟ್ಕೊಂಡ್ರು. ವ್ಯಾನ್ ಮಾಮ ಬಾಗಿಲಲ್ಲೇ ನಿಂತು ನೋಡ್ತಿದ್ದ, ಮುಖದಲ್ಲಿ ಊತ ಎಲ್ಲಾ ಇಳಿದಿತ್ತು. ಆ ಕಡೆ ಫೋನ್ ಎತ್ತಿದ ಸದ್ದಾಯ್ತು.

"ಹೇಳೇ" ಅಂದ್ರು ಅತ್ತೆ. "ಆ ಮೇಲಿನಲ್ಲಿ ಯಾರು ಮಾತಾಡ್ತಿರೋದು?"